ಊರಿಗೊಂದು ಪರಿಮಾಣ

ಗೃಹಸ್ಥನಾದವನು ಮನೆ ಕಟ್ಟಿಸುವಾಗ ಇಂದಿನ ಸಂಸಾರವೊಂದನ್ನೇ ನೋಡುವುದಿಲ್ಲ. ಮಗನ ಮದುವೆ, ಮುಪ್ಪಿನಲ್ಲಿ ತನಗೆ ಬೇಕಾಗುವ ಕೆಳಗಿನ ಕೋಣೆ, ಹಬ್ಬಕ್ಕೆ ಬರುವ ಹೆಣ್ಣುಮಕ್ಕಳು, ಇವೆಲ್ಲವೂ ಆತನ ಲೆಕ್ಕದಲ್ಲಿ ಸೇರುತ್ತವೆ. ವ್ಯಾಪಾರಿಯಾದವನು ದೀಪಾವಳಿಯಂದು ಹೊಸ ಕೀರ್ದಿಯನ್ನು ಪೂಜಿಸಿ ತೆರೆದಾಗ ಹಳೆಯ ವರ್ಷದ ಬಾಕಿಯನ್ನು ಮರೆಯದೆ ಹೊಸ ಪುಸ್ತಕಕ್ಕೆ ತರುತ್ತಾನೆ. ಮನೆಯಲ್ಲಿಯೂ ಅಂಗಡಿಯಲ್ಲಿಯೂ ಇಷ್ಟು ಎಚ್ಚರದಿಂದ ಮುಂದನ್ನು ನೋಡುವ ಅದೇ ವ್ಯಕ್ತಿಯು ಊರಿನ ಮಾತು ಬಂದಾಗ ‘ಅದು ಸರಕಾರದ ಕೆಲಸ’ ಎಂದು ಸುಮ್ಮನಾಗುವುದನ್ನು ಎಲ್ಲೆಡೆಯೂ ಕಾಣಬಹುದು. ಇನ್ನು ಐವತ್ತು ವರ್ಷಗಳ ನಂತರ ಆ ಊರಿನಲ್ಲಿ ವಾಸಿಸುವವರಿಗೆ ಇಂದಿನವರು ಕೊಡಬೇಕಾದ್ದು ಏನಾದರೂ ಇದೆಯೆ? ಇದ್ದರೆ ಅದು ದಾನವೋ, ಋಣವೋ? ಈ ಪ್ರಶ್ನೆಯು ಇಂಜಿನಿಯರುಗಳ ಮೇಜಿಗೆ ಹೋಗುವ ಮೊದಲು ಶ್ರಾವಕನ ಮನಸ್ಸಿನಲ್ಲಿ ಇತ್ಯರ್ಥವಾಗಬೇಕಾದುದು.

ವಿಚಾರಕ್ಕೆ ಒಂದು ನೆಲೆ ಬೇಕಾಗುವುದರಿಂದ ಯಾದಗಿರಿ ಜಿಲ್ಲೆಯ ವಡಗೇರಾವನ್ನು ಎದುರಿಗಿಟ್ಟುಕೊಳ್ಳಬಹುದು. ಒಂದು ಕಡೆ ಭೀಮೆ, ಇನ್ನೊಂದು ಕಡೆ ಕೃಷ್ಣೆ. ಎರಡೂ ನದಿಗಳು ಕೂಡುವುದಕ್ಕೆ ಸ್ವಲ್ಪ ಮೊದಲು ಅವುಗಳ ನಡುವೆ ಉಳಿದ ನಾಡು ಇದು. 1948ರವರೆಗೆ ನಿಜಾಮರ ಆಡಳಿತ, 1956ರಲ್ಲಿ ಮೈಸೂರು ರಾಜ್ಯ, ಬಹುಕಾಲ ಕಲಬುರಗಿ ಜಿಲ್ಲೆಯ ಶಹಾಪುರ ತಾಲ್ಲೂಕು. 2009ರ ಡಿಸೆಂಬರಿನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 2017–18ನೆಯ ಸಾಲಿನ ರಾಜ್ಯ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಗುರುಮಠಕಲ್, ಹುಣಸಗಿಗಳೊಡನೆ ವಡಗೇರಾದ ಹೆಸರೂ ಬಂದಿತು. ಎರಡು ನದಿಗಳ ನಡುವೆ ಇದ್ದರೂ ಇದು ಒಣನಾಡು. ಶಹಾಪುರದ ಸೀಮೆಯನ್ನು ಕೃಷಿ ವಿಜ್ಞಾನಿಗಳು ಈಶಾನ್ಯ ಒಣ ವಲಯದಲ್ಲಿ ಸೇರಿಸಿದ್ದಾರೆ. ಮಳೆ ಬಂದರೆ ಎರೆಭೂಮಿಯಲ್ಲಿ ಕಾಲಿಡಲಾಗದು. ಬಾರದಿದ್ದರೆ ಅದೇ ಭೂಮಿ ಮೊಣಕಾಲುದ್ದ ಬಿರಿಯುತ್ತದೆ. 2009ರಲ್ಲಿಯೂ 2020ರ ಅಕ್ಟೋಬರಿನಲ್ಲಿಯೂ ಭೀಮೆಯ ಪ್ರವಾಹವು ದಂಡೆಯ ಹಳ್ಳಿಗಳನ್ನು ನೀರಿನಲ್ಲಿ ನಿಲ್ಲಿಸಿತು. ಪ್ರವಾಹ ಕಂಡ ಜನರೇ ಬೇಸಿಗೆಯಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವುದೂ ಇಲ್ಲಿ ಹೊಸದಲ್ಲ. ಮರುಭೂಮಿ ಎನ್ನಲಾಗದು. ಆದರೆ ಏಪ್ರಿಲ್ ತಿಂಗಳ ಕೊನೆಯಲ್ಲಿ ನಡುಹಗಲು ಯಾದಗಿರಿಯಿಂದ ಭೀಮೆಯನ್ನು ದಾಟಿ ಈ ಕಡೆ ಬಂದವರಿಗೆ ಆ ಮಾತಿನಿಂದ ಹೆಚ್ಚು ಸಮಾಧಾನ ದೊರೆಯಲಾರದು.

ಸಣ್ಣ ಊರು ತಾಲ್ಲೂಕು ಕೇಂದ್ರವಾದಾಗ ಮೊದಲು ಬರುವುದು ಫಲಕ, ಆಮೇಲೆ ಕಚೇರಿ, ಕಚೇರಿಯ ಹಿಂದೆಯೇ ಪ್ಲಾಟು. ರಸ್ತೆಯ ಬದಿಯ ಹೊಲವು ಎಕರೆಯ ಲೆಕ್ಕದಿಂದ ಗುಂಟೆಯ ಲೆಕ್ಕಕ್ಕೆ, ಗುಂಟೆಯಿಂದ ಚದರಡಿಯ ಲೆಕ್ಕಕ್ಕೆ ಇಳಿಯುತ್ತದೆ. ಬೆಲೆ ಮಾತ್ರ ಏರುತ್ತದೆ. ‘ಎನ್.ಎ. ಆಗಿದೆಯೆ?’ ಎಂಬ ಪ್ರಶ್ನೆ ‘ಮಳೆ ಆಗಿದೆಯೆ?’ ಎಂಬ ಪ್ರಶ್ನೆಯಷ್ಟೇ ಸಾಮಾನ್ಯವಾಗುತ್ತದೆ. ಇದರಲ್ಲಿ ಪಾಪವೇನೂ ಇಲ್ಲ. ಬೆಳೆಯುವ ಊರಿಗೆ ಮನೆಗಳು ಬೇಕು, ಮನೆಗಳಿಗೆ ನೆಲ ಬೇಕು. ತೊಡಕು ಇರುವುದು ಇನ್ನೊಂದು ಕಡೆ. ಊರು ಹೀಗೆ ಬೆಳೆಯುವ ಮೊದಲ ಹತ್ತು ಹದಿನೈದು ವರ್ಷಗಳಲ್ಲಿ ಯಾವ ಹಳ್ಳ ಮುಚ್ಚಿತೋ, ಯಾವ ಗಾಯರಾಣ ಒತ್ತುವರಿಯಾಯಿತೋ, ಯಾವ ಓಣಿಯನ್ನು ಎಷ್ಟು ಅಡಿಗೆ ನಿಲ್ಲಿಸಿದರೋ, ಅದನ್ನು ಮುಂದಿನ ನೂರು ವರ್ಷ ಯಾರೂ ಸರಿಪಡಿಸಲಾರರು. ವಡಗೇರಾದಂತಹ ಊರುಗಳು ಈಗ ಇರುವುದು ಆ ಹದಿನೈದು ವರ್ಷಗಳ ಒಳಗೆ.

ನಿಜವಾದ ಮರುಭೂಮಿಯ ಊರೊಂದು ಈ ಪತ್ರಿಕೆಯ ವಾಚಕರಿಗೆ ಅಪರಿಚಿತವಲ್ಲ. ಜೈಸಲ್ಮೇರಿನ ಕೋಟೆಯ ಜಿನಾಲಯಗಳ ಯಾತ್ರೆ ಮಾಡಿ ಬಂದವರು ಅನೇಕರಿದ್ದಾರೆ. 1156ರಲ್ಲಿ ನೆಲೆಗೊಂಡಿತೆಂದು ಹೇಳುವ ಆ ನಗರದಲ್ಲಿ ವರ್ಷವಿಡೀ ಬೀಳುವ ಮಳೆಯು ಯಾದಗಿರಿಯ ಮಳೆಯ ಮೂರನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲ. ಅಂತಹ ಕಡೆ ನಗರವೊಂದು ಎಂಟು ಶತಮಾನ ಬದುಕಿದ್ದು ಹೇಗೆ? 14ನೆಯ ಶತಮಾನದಲ್ಲಿ ರಾವಳ ಗಡಸಿಯು ಕಟ್ಟಿಸಿದ ಗಡಸೀಸರ ಕೆರೆ ಉತ್ತರದ ಒಂದು ಭಾಗ ಮಾತ್ರ. ಕೆರೆಗಿಂತ ದೊಡ್ಡದು ಅದರ ‘ಆಗೋರ್’, ಅಂದರೆ ನೀರು ಹರಿದು ಬರುವ ಸುತ್ತಲಿನ ಬಯಲು. ಆ ಬಯಲನ್ನು ಹೊಲಸು ಮಾಡಬಾರದು, ಅಲ್ಲಿ ಮನೆ ಕಟ್ಟಬಾರದು ಎಂಬ ಕಟ್ಟುಪಾಡನ್ನು ತಲೆಮಾರುಗಳು ಪಾಲಿಸಿದವು. ಅನುಪಮ ಮಿಶ್ರರು 1993ರಲ್ಲಿ ಕೆರೆಗಳನ್ನು ಕುರಿತು ಹಿಂದಿಯಲ್ಲಿ ಬರೆದ ಗ್ರಂಥದಲ್ಲಿ ಈ ವ್ಯವಸ್ಥೆಯ ವಿವರವಿದೆ. ನೀರಿಲ್ಲದ ನೆಲದಲ್ಲಿ ಬರಿದಾದ ಬಯಲನ್ನು ಬರಿದಾಗಿಯೇ ಬಿಡುವುದು ನಗರ ನಿರ್ಮಾಣದ ಮೊದಲ ಕೆಲಸವೆಂದು ಅವರು ತಿಳಿದಿದ್ದರು.

ಆದರೆ ಜೈಸಲ್ಮೇರಿನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಮುಗಿದಿದ್ದರೆ ಹಿಂದಿನವರನ್ನು ಹೊಗಳಿ ಲೇಖನವನ್ನೂ ಮುಗಿಸಬಹುದಿತ್ತು. ತಲೆಯ ಮೇಲೆ ಹೊತ್ತು ತಂದ ಕೊಡಗಳ ಲೆಕ್ಕಕ್ಕೆ ಹೊಂದಿಕೊಂಡಿದ್ದ ಕೋಟೆಗೆ ಕೊಳಾಯಿ ಬಂದಿತು, ಪ್ರವಾಸಿಗರು ಬಂದರು, ವಸತಿಗೃಹಗಳು ಬಂದವು. ಒಳಗೆ ಬಂದ ನೀರು ಹೊರಗೆ ಹೋಗಲು ತಕ್ಕ ಚರಂಡಿಗಳಿರಲಿಲ್ಲ. ಅದು ಕೋಟೆಯ ಅಡಿಯ ಜೇಡಿಯಲ್ಲಿ ಇಂಗಿತು. 1990ರ ದಶಕದಲ್ಲಿ ಬುರುಜುಗಳೂ ಗೋಡೆಗಳೂ ಕುಸಿದವು. 1996ರಲ್ಲಿ ಜಗತ್ತಿನ ಅಪಾಯದಂಚಿನ ಸ್ಮಾರಕಗಳ ಪಟ್ಟಿಯಲ್ಲಿ ಆ ಕೋಟೆಯ ಹೆಸರು ಸೇರಿತು. ನೀರಿಲ್ಲದೆ ಎಂಟು ನೂರು ವರ್ಷ ನಿಂತಿದ್ದು ನೀರಿನಿಂದ ಕೆಲವೇ ದಶಕಗಳಲ್ಲಿ ಸಡಿಲವಾಯಿತು. ಕೊಳಾಯಿ ಬರಬಾರದಿತ್ತೆಂದು ಹೇಳುವುದು ಕ್ರೂರವಾದೀತು. ಅಲ್ಲಿನ ಹೆಣ್ಣುಮಕ್ಕಳು ಶತಮಾನಗಳ ಕಾಲ ನೀರು ಹೊತ್ತಿದ್ದರು. ಕೊಡುವವರು ಎಷ್ಟೆಂದು ಅಳೆಯದೆ ಕೊಟ್ಟರು, ಪಡೆದವರು ಅಳೆಯದೆ ಪಡೆದರು ಎಂಬುದಷ್ಟೇ ಇಲ್ಲಿ ಗಮನಿಸತಕ್ಕ ಸಂಗತಿ.

ವಡಗೇರಾದ ಸೀಮೆಯೂ ಇದೇ ಪಾಠವನ್ನು ಬೇರೊಂದು ರೂಪದಲ್ಲಿ ಕಂಡಿದೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಅಡಿಗಲ್ಲು ಬಿದ್ದಿತು; 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿಯಿತು; ಎಡದಂಡೆ ಕಾಲುವೆಯು ಸುರಪುರ, ಶಹಾಪುರಗಳ ಒಣಭೂಮಿಗೆ ನೀರು ತಂದಿತು. ಬರದ ಹೆಸರು ಕೇಳಿದರೆ ನಡುಗುತ್ತಿದ್ದ ನಾಡಿಗೆ ಇದು ಪುಣ್ಯೋದಯವೇ ಸರಿ. ಆದರೆ ಯೋಜನೆಯನ್ನು ರೂಪಿಸಿದ್ದು ಕಡಮೆ ನೀರಿನ ಬೆಳೆಗಳಿಗಾಗಿ, ಸ್ವಲ್ಪ ನೀರನ್ನು ಹೆಚ್ಚು ಹೊಲಗಳಿಗೆ ಹಂಚುವ ಉದ್ದೇಶದಿಂದ. ಕಾಲುವೆಯ ಮೇಲುಭಾಗದಲ್ಲಿ ಭತ್ತ ಬಂದಿತು. ಮೇಲೆ ನಿಂತ ನೀರಿನಿಂದ ಭೂಮಿ ಸವಳು–ಜವಳಾಯಿತು. ಕೆಳಗೆ ಕೊನೆಯ ಭಾಗದ ರೈತನು ಚಾಲು–ಬಂದ್‌ನ ದಿನಗಳನ್ನು ಎಣಿಸುತ್ತ ಒಣಗಿದ ಕಾಲುವೆಯನ್ನು ನೋಡುತ್ತ ಕುಳಿತನು. ವಡಗೇರಾದ ಕಡೆಯ ಹೊಲಗಳು ಬಹಳಷ್ಟು ಈ ಕೊನೆಯ ಭಾಗದವು. ಭತ್ತ ಬೆಳೆದವನು ಕಳ್ಳನೆ? ಅವನನ್ನು ಕೇಳಿದರೆ ತನ್ನ ಹೊಲದ ಮುಂದೆ ಹರಿದುಹೋಗುವ ನೀರನ್ನು ಮಾತ್ರ ತಿರುಗಿಸಿಕೊಂಡೆನೆನ್ನುತ್ತಾನೆ. ಅವನಿಗೆ ಕೊನೆಯ ಭಾಗದವನ ಮುಖ ಕಾಣುವುದಿಲ್ಲ. ಕಾಲದ ಕಾಲುವೆಯಲ್ಲಿ ಇಂದಿನ ತಲೆಮಾರಿನವರೆಲ್ಲರೂ ಮೇಲುಭಾಗದವರು. ಹೊಲದ ಕೊನೆಯ ಭಾಗದವನಾದರೂ ಶಹಾಪುರಕ್ಕೋ ಭೀಮರಾಯನಗುಡಿಗೋ ಹೋಗಿ ನೀರಾವರಿ ಕಚೇರಿಯ ಮುಂದೆ ಧರಣಿ ಕೂರಬಹುದು. ಐವತ್ತು ವರ್ಷಗಳ ನಂತರ ಹುಟ್ಟುವವನಿಗೆ ಅದೂ ಸಾಧ್ಯವಿಲ್ಲ.

ಇಲ್ಲಿ ಒಂದು ತಾತ್ತ್ವಿಕ ಆಕ್ಷೇಪ ಏಳುತ್ತದೆ. ಕೊಡದಿರುವುದನ್ನು ತೆಗೆದುಕೊಳ್ಳುವುದು ಚೌರ್ಯವೆಂದು ಆಗಮಗಳು ಹೇಳುತ್ತವೆ. ಕೊಡುವವನೇ ಇನ್ನೂ ಇಲ್ಲದಿರುವಾಗ ‘ಅದತ್ತ’ ಎಂಬ ಮಾತಿಗೆ ಅರ್ಥವೇನು? ಹುಟ್ಟದವನಿಗೆ ಒಡೆತನವಿಲ್ಲ, ಒಡೆತನವಿಲ್ಲದವನಿಂದ ಕದಿಯುವುದು ಹೇಗೆ? ವಾದ ಚುರುಕಾಗಿದೆ. ಆದರೆ ಈ ವಾದವನ್ನು ಮುಂದಿಡುವ ಶ್ರಾವಕನೇ ತನ್ನ ನಿತ್ಯದ ಆಚರಣೆಯಲ್ಲಿ ಅದನ್ನು ಒಪ್ಪುವುದಿಲ್ಲ. ಬಸದಿಯ ಭಂಡಾರದಲ್ಲಿರುವ ದೇವದ್ರವ್ಯದ ಒಡೆಯರು ಯಾರು? ಜಿನೇಂದ್ರನಿಗೆ ಅದರ ಅಪೇಕ್ಷೆಯಿಲ್ಲ, ಆತನು ವೀತರಾಗ. ಕೊಟ್ಟ ದಾನಿಯು ಕೊಟ್ಟ ಕ್ಷಣದಲ್ಲಿಯೇ ಒಡೆತನ ಬಿಟ್ಟನು. ಟ್ರಸ್ಟಿಗಳು ಕಾವಲುಗಾರರು ಮಾತ್ರ. ಬದುಕಿರುವ ಯಾವನೊಬ್ಬನದೂ ಅಲ್ಲದ ಆ ದ್ರವ್ಯದಲ್ಲಿ ಒಂದು ಕಾಸನ್ನು ಮನೆಗೆ ಒಯ್ಯುವುದನ್ನು ಸಮಾಜವು ಬೇರೆಲ್ಲ ಕಳವಿಗಿಂತ ಘೋರವೆಂದು ಎಣಿಸಿದೆ. ಬಸದಿಯ ಎಣ್ಣೆ ಕೈಗೆ ಹತ್ತಿದರೆ ತಲೆಗೆ ಒರೆಸಿಕೊಳ್ಳಲೂ ಹಿಂಜರಿಯುವ ಹಿರಿಯರನ್ನು ಇಂದಿಗೂ ಕಾಣಬಹುದು. ಹಾಗಿದ್ದ ಮೇಲೆ, ಇಂತಹವನದೆಂದು ಹೆಸರು ಹೇಳಲಾಗದ ಆಸ್ತಿಯೂ ಆಸ್ತಿಯೇ, ಅದನ್ನು ಕಬಳಿಸುವುದೂ ಚೌರ್ಯವೇ ಎಂಬ ತತ್ತ್ವವನ್ನು ಬಸದಿಯ ಬಾಗಿಲೊಳಗೆ ಒಪ್ಪಿ, ಊರಿನ ಕೆರೆಯ ದಂಡೆಯಲ್ಲಿ ನಿರಾಕರಿಸುವುದು ಸುಸಂಗತವಾಗಲಾರದು. ಊರಿನ ನೀರು, ಗಾಯರಾಣ, ಹಳ್ಳದ ಪಾತ್ರ, ಸ್ಮಶಾನ ಇವು ಒಂದು ಬಗೆಯ ದೇವದ್ರವ್ಯವೇ. ಆದ್ದರಿಂದ ಮುಂದಿನವರಿಗೆ ಇವನ್ನು ಉಳಿಸುವುದನ್ನು ದಾನದ ಲೆಕ್ಕದಲ್ಲಿ ಬರೆದುಕೊಳ್ಳಲಾಗದು. ದಾನವಾದರೆ ಕೊಡದೆ ಇರುವ ಸ್ವಾತಂತ್ರ್ಯವಿರುತ್ತದೆ. ಇಲ್ಲಿ ಆ ಸ್ವಾತಂತ್ರ್ಯವಿಲ್ಲ.

ಇನ್ನೊಂದು ಆಕ್ಷೇಪವು ವೈರಾಗ್ಯದ ಕಡೆಯಿಂದ ಬರುತ್ತದೆ. ಎಲ್ಲವೂ ಅನಿತ್ಯವಾಗಿರುವಾಗ ಐವತ್ತು ವರ್ಷದ ಯೋಜನೆಯೆಂಬುದು ಮೋಹದ ಇನ್ನೊಂದು ಮುಖವಲ್ಲವೆ? ಭೀಮೆಯನ್ನು ಸೇರುವ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡವಿದೆ. ಅಮೋಘವರ್ಷನ ಮಾನ್ಯಖೇಟ ಅದು, ಕವಿರಾಜಮಾರ್ಗ ಹುಟ್ಟಿದ ಆಸ್ಥಾನ. 972ರಲ್ಲಿ ಪರಮಾರ ಸೀಯಕನು ಅದನ್ನು ಸೂರೆಗೊಂಡನು. ಇಂದು ಸೇಡಂ ತಾಲ್ಲೂಕಿನ ಒಂದು ಊರು. ಕೋಟೆಯ ಅವಶೇಷ, ನೇಮಿನಾಥ ಬಸದಿ. ಚಕ್ರವರ್ತಿಗಳ ರಾಜಧಾನಿಯೇ ಉಳಿಯದಿರುವಾಗ ವಡಗೇರಾದ ಬಸ್ ನಿಲ್ದಾಣದ ನಕ್ಷೆಗೆ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ ಎಂದು ಕೇಳಬಹುದು. ಅನಿತ್ಯಾನುಪ್ರೇಕ್ಷೆಯು ‘ನನ್ನದು’ ಎಂಬ ಭಾವವನ್ನು ಕರಗಿಸುವುದಕ್ಕಾಗಿ ಇರುವುದು. ಪರರ ಪಾಲನ್ನು ಕರಗಿಸುವುದಕ್ಕೆ ಅದು ಪರವಾನಗಿಯಲ್ಲ. ಮೂಡಬಿದಿರೆಯಲ್ಲಿ ಧವಲಾ ಗ್ರಂಥದ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಯ್ದುಕೊಂಡು ಬಂದವರಿಗೂ ಜೈಸಲ್ಮೇರಿನ ಜ್ಞಾನಭಂಡಾರದ ನೆಲಮನೆಯನ್ನು ಕಾಯ್ದವರಿಗೂ ಅನಿತ್ಯದ ಅರಿವು ಇರಲಿಲ್ಲವೆಂದು ಯಾರೂ ಹೇಳಲಾರರು. ಅವರಲ್ಲಿ ಎಷ್ಟೋ ಮಂದಿಗೆ ಆ ಗರಿಗಳನ್ನು ಓದಲೂ ಬರುತ್ತಿರಲಿಲ್ಲ. ಓದಬಲ್ಲವನೊಬ್ಬ ಮುಂದೆ ಬಂದಾನೆಂದು ಹುಳು ಹತ್ತದಂತೆ ನೋಡಿಕೊಂಡರು, ಅಷ್ಟೆ.

ಮೂರನೆಯ ಆಕ್ಷೇಪ ಇವೆರಡಕ್ಕಿಂತ ಭಾರವಾದುದು. ಅದನ್ನು ಹಗುರವಾಗಿ ದಾಟುವುದು ಸಲ್ಲದು. ಪರಿಮಾಣದ ಮಾತು ಉಳ್ಳವರ ಬಾಯಲ್ಲಿ ಚೆನ್ನಾಗಿ ಕೇಳಿಸುತ್ತದೆ. ಉಪಾಸಕದಶಾಂಗದ ಆನಂದ ಶ್ರಾವಕನ ಕಥೆ ಪ್ರಸಿದ್ಧವಾಗಿದೆ. ವಾಣಿಜ್ಯಗ್ರಾಮದ ಆ ಗೃಹಪತಿಯು ಮಹಾವೀರ ಸ್ವಾಮಿಗಳ ಎದುರು ಪರಿಗ್ರಹದ ಮಿತಿಯನ್ನು ಸ್ವೀಕರಿಸಿದನು: ಭಂಡಾರದಲ್ಲಿ ನಾಲ್ಕು ಕೋಟಿ ಹೊನ್ನು, ಬಡ್ಡಿಗೆ ನಾಲ್ಕು ಕೋಟಿ, ಮನೆ ಸಾಮಗ್ರಿಗಳಲ್ಲಿ ನಾಲ್ಕು ಕೋಟಿ, ಹತ್ತು ಹತ್ತು ಸಾವಿರದ ನಾಲ್ಕು ದನದ ಹಿಂಡು, ಐನೂರು ನೇಗಿಲ ಭೂಮಿ. ಅಂದರೆ ತನ್ನಲ್ಲಿ ಆಗಲೇ ಇದ್ದಷ್ಟಕ್ಕೆ ಗೆರೆ ಎಳೆದನು. ಅಂತಹ ಗೆರೆಯನ್ನು ಶಹಾಪುರ–ವಡಗೇರಾದ ಒಬ್ಬ ಕೂಲಿಯವನಿಗೆ ಎಳೆಯಲು ಹೇಳಿದರೆ ಅವನ ಗೆರೆಯೊಳಗೆ ಏನಿರುತ್ತದೆ? 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಕರೆದು, ಎಂಟು ವರ್ಷಗಳ ವಿಶೇಷ ಯೋಜನೆಯನ್ನು ಸೂಚಿಸಿತು. ಶಹಾಪುರ, ಸುರಪುರ, ಯಾದಗಿರಿಗಳು ಆ ಕೊನೆಯ ಸಾಲಿನಲ್ಲಿಯೇ ಇದ್ದವು. ಸಂವಿಧಾನದ 371(ಜೆ) ವಿಧಿ ಬಂದುದೂ ಇದೇ ಕೊರತೆಯ ಕಾರಣದಿಂದ. ಇಂತಹ ನಾಡಿಗೆ ‘ಕಡಮೆಯಲ್ಲಿ ತೃಪ್ತಿಪಡು’ ಎಂದು ಉಪದೇಶಿಸುವುದು ಅಪರಿಗ್ರಹವಲ್ಲ, ಅದು ಉಳ್ಳವನ ಪರಿಗ್ರಹಕ್ಕೆ ಕಟ್ಟಿದ ಬೇಲಿ.

ಆದ್ದರಿಂದ ಊರಿನ ಪರಿಮಾಣವೆಂದರೆ ಊರಿನವರ ಹಸಿವಿನ ಪರಿಮಾಣವೆಂದು ತಿಳಿಯಬಾರದು. ಆಸ್ಪತ್ರೆ, ಕಾಲೇಜು, ಮನೆಮನೆಗೆ ಕುಡಿಯುವ ನೀರು, ಇವುಗಳಿಗೆ ಇನ್ನೂ ಮಿತಿಯ ಮಾತೇ ಬಂದಿಲ್ಲ. ಮಿತಿ ಬೇಕಾದುದು ಒಮ್ಮೆ ಹೋದರೆ ಮರಳದ ವಸ್ತುಗಳನ್ನು ತೆಗೆದುಕೊಳ್ಳುವುದರಲ್ಲಿ. ಆ ಮಿತಿಯ ಭಾರವು ಮೊದಲು ಬೀಳಬೇಕಾದುದು ರಸ್ತೆಯ ಬದಿಯಲ್ಲಿ ಹೊಲ ಉಳ್ಳವನ ಮೇಲೆ, ಪ್ಲಾಟು ಹಿಡಿದಿಟ್ಟುಕೊಂಡವನ ಮೇಲೆ. ಆನಂದನ ಕಥೆಗೆ ಇನ್ನೂ ಒಂದು ಭಾಗವಿದೆಯೆಂಬುದನ್ನು ವ್ಯಾಪಾರಿ ಸಮಾಜವು ಅಷ್ಟಾಗಿ ನೆನೆಯುವುದಿಲ್ಲ. ಅದೇ ಆಗಮದಲ್ಲಿ ಶ್ರಾವಕನು ಮಾಡಬಾರದ ಹದಿನೈದು ಕರ್ಮಾದಾನಗಳನ್ನು, ಅಂದರೆ ನಿಷಿದ್ಧ ಉದ್ಯಮಗಳನ್ನು ಎಣಿಸಿದೆ. ಇದ್ದಿಲು ಸುಡುವುದು, ಕಾಡು ಕಡಿಯುವುದು, ವಿಷದ ವ್ಯಾಪಾರ ಇವುಗಳೊಡನೆ ಕೆರೆ, ಮಡು, ತಟಾಕಗಳನ್ನು ಬತ್ತಿಸುವುದೂ ಆ ಪಟ್ಟಿಯಲ್ಲಿದೆ. ಹಿಂದಿನ ಕಾಲದಲ್ಲಿ ಕೆರೆಯ ನೀರನ್ನು ಹೊರಹಾಕಿ ಅಂಗಳವನ್ನು ಸಾಗುವಳಿಗೆ ತರುತ್ತಿದ್ದರು. ಜಲಚರಗಳ ಹಿಂಸೆಯ ದೃಷ್ಟಿಯಿಂದ ನಿಷೇಧ ಬಂದಿರಬೇಕು. ಇಂದು ಕೆರೆಗೆ ನೀರು ತರುವ ಹಳ್ಳಕ್ಕೆ ಮುರಂ ಹೊಡೆದು ಪ್ಲಾಟು ಹಾಕುವವನು ತಾನು ಭೂಮಿಯ ವ್ಯಾಪಾರ ಮಾಡುತ್ತಿದ್ದೇನೆಂದು ತಿಳಿದಿರುತ್ತಾನೆ. ಆಗಮದ ಲೆಕ್ಕದಲ್ಲಿ ಆತನ ಧಂದೆಯ ಹೆಸರು ಬೇರೆ.

ಕೆರೆಯನ್ನು ಬತ್ತಿಸದಿದ್ದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಸುರಪುರದ ನಾಯಕರ ಕಾಲದ ಬೋನಾಳ ಕೆರೆಯನ್ನು 1840ರ ದಶಕದಲ್ಲಿ ಅಲ್ಲಿ ಆಡಳಿತ ನೋಡುತ್ತಿದ್ದ ಮೆಡೋಸ್ ಟೇಲರ್ ದುರಸ್ತಿಗೊಳಿಸಿದನು. ಪರದೇಶದ ಅಧಿಕಾರಿ, ಹತ್ತು ಹನ್ನೊಂದು ವರ್ಷ ಇದ್ದು ಹೋದವನು. ನಾಯಕರಿಗಾಗಲಿ ಟೇಲರನಿಗಾಗಲಿ ಪಕ್ಷಿಧಾಮ ಮಾಡುವ ಉದ್ದೇಶವಿರಲಿಲ್ಲ. ಇಂದು ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಅಲ್ಲಿ ಬಂದಿಳಿಯುತ್ತವೆ. ಒಳ್ಳೆಯ ಯೋಜನೆಯು ಯೋಜಿಸಿದವನು ಎಣಿಸದ ಜೀವಿಗಳಿಗೂ ಎಡೆ ಕೊಡುತ್ತದೆ.

ಈಗ ಟ್ರಸ್ಟುಗಳಿಗೆ ನೇರವಾಗಿ ತಗಲುವ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಇಂತಹ ಒಂದು ತಾಲ್ಲೂಕು ಕೇಂದ್ರದ ಅಂಚಿನಲ್ಲಿ ಬಸದಿಗೆ ಸೇರಿದ ನಾಲ್ಕು ಎಕರೆ ಭೂಮಿಯಿದೆ. ತಾತನ ಕಾಲದ ದಾನ. ಎರಡು ಎಕರೆ ದಿಣ್ಣೆ. ಎರಡು ಎಕರೆ ತಗ್ಗು, ಮಳೆಗಾಲದಲ್ಲಿ ಕೆರೆಗೆ ಹೋಗುವ ನೀರು ಅದರ ಮೇಲೆಯೇ ಹಾಯುತ್ತದೆ. ಇಷ್ಟು ವರ್ಷ ಲಾವಣಿಯಿಂದ ದೀಪದ ಎಣ್ಣೆಗೆ ಸಾಲುವಷ್ಟು ಬರುತ್ತಿತ್ತು. ಈಗ ನಾಲ್ಕನ್ನೂ ಒಟ್ಟಿಗೆ ಕೊಂಡು ಲೇಔಟ್ ಮಾಡುವೆನೆಂದು ಒಬ್ಬರು ಬರುತ್ತಾರೆ. ಆ ಹಣದಿಂದ ಬಸದಿಯ ಜೀರ್ಣೋದ್ಧಾರವಾಗುತ್ತದೆ, ಧರ್ಮಶಾಲೆಗೆ ಮಹಡಿ ಏರುತ್ತದೆ, ಬಡ ವಿದ್ಯಾರ್ಥಿಗಳ ಫೀಸಿಗೆ ಶಾಶ್ವತ ನಿಧಿಯಾಗುತ್ತದೆ. ತಗ್ಗನ್ನು ಬಿಟ್ಟು ದಿಣ್ಣೆಯನ್ನಷ್ಟೇ ಮಾರುತ್ತೇವೆಂದರೆ ಬೆಲೆ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ, ಏಕೆಂದರೆ ರಸ್ತೆಗೆ ಹತ್ತಿದ ಭಾಗವೇ ತಗ್ಗು. ಹಿರಿಯ ಟ್ರಸ್ಟಿಯೊಬ್ಬರು ಎದ್ದು ಕೇಳುತ್ತಾರೆ: ‘ದೇವದ್ರವ್ಯಕ್ಕೆ ಬರಬೇಕಾದ ಬೆಲೆಯನ್ನು ಬಿಡುವ ಅಧಿಕಾರ ಈ ಸಭೆಗೆ ಯಾರು ಕೊಟ್ಟರು? ಮನೆಯ ಆಸ್ತಿಯಾದರೆ ಬಿಡಬಹುದು. ಭಗವಂತನ ಆಸ್ತಿಯನ್ನು ಅಗ್ಗಕ್ಕೆ ಕೊಡುವುದೂ ಕಬಳಿಸಿದಂತೆಯೇ ಅಲ್ಲವೆ?’

ಈ ಪ್ರಶ್ನೆ ಸುಳ್ಳಲ್ಲ. ಮೇಲೆ ಹೇಳಿದ ದೇವದ್ರವ್ಯದ ತತ್ತ್ವವೇ ಇಲ್ಲಿ ಎರಡೂ ಕಡೆ ನಿಂತು ಸಾಕ್ಷಿ ಹೇಳುತ್ತದೆ. ಆದರೂ ನಿರ್ಣಯ ಅಸಾಧ್ಯವಲ್ಲ. ಬಸದಿಗೆ ದಾನವಾಗಿ ಬಂದುದು ನೆಲ. ಆ ನೆಲದ ಮೇಲೆ ಹಾಯುವ ನೀರು ಬಸದಿಗೆ ಎಂದೂ ದಾನವಾಗಿ ಬಂದಿರಲಿಲ್ಲ, ಅದು ದಾನಿಯದೂ ಆಗಿರಲಿಲ್ಲ. ತಗ್ಗಿಗೆ ಬರುವ ಹೆಚ್ಚಿನ ಬೆಲೆಯಲ್ಲಿ ಒಂದು ಪಾಲು ನೀರಿನ ದಾರಿಯನ್ನು ಮುಚ್ಚುವ ಸ್ವಾತಂತ್ರ್ಯಕ್ಕೆ ಕೊಡುವ ಬೆಲೆ. ತನ್ನದಲ್ಲದ ವಸ್ತುವಿನ ಬೆಲೆಯನ್ನು ಬಿಟ್ಟರೆ ಅದು ನಷ್ಟದ ಲೆಕ್ಕಕ್ಕೆ ಸೇರದು. ದಿಣ್ಣೆಯನ್ನು ಒಳ್ಳೆಯ ಬೆಲೆಗೆ ಮಾರಲಿ, ತಗ್ಗು ತಗ್ಗಾಗಿಯೇ ಉಳಿಯಲಿ ಎಂಬುದು ನ್ಯಾಯವಾಗಿ ತೋರುತ್ತದೆ. ಹಾಗೆಂದು ನಿರ್ಣಯದ ಕಹಿಯನ್ನು ಮರೆಮಾಚಬಾರದು. ಫೀಸು ಕಟ್ಟಲಾಗದೆ ಈ ವರ್ಷ ಕಾಲೇಜು ಬಿಡುವ ಹುಡುಗನಿಗೆ ಹೆಸರಿದೆ, ಮುಖವಿದೆ; ತಗ್ಗಿನ ಲಾಭ ಪಡೆಯುವವನಿಗೆ ಎರಡೂ ಇಲ್ಲ. ಹುಟ್ಟದವರ ಹೆಸರಿನಲ್ಲಿ ಎದುರಿಗಿರುವವನನ್ನು ನೋಯಿಸುವುದು ಅಹಿಂಸೆಯಾಗದು. ಆ ಕೊರತೆಯನ್ನು ತುಂಬಬೇಕಾದವರು ತಗ್ಗನ್ನು ಉಳಿಸಲು ಕೈಯೆತ್ತಿದ ಟ್ರಸ್ಟಿಗಳೂ ಸಮಾಜದ ಉಳ್ಳವರೂ, ತಮ್ಮ ಸ್ವಂತ ಜೇಬಿನಿಂದ. ಸಭೆಯಲ್ಲಿ ಕೈಯೆತ್ತುವುದು ಸುಲಭ; ರಸೀದಿ ಪುಸ್ತಕ ಬಂದಾಗ ಕೈಗಳು ಕಡಮೆಯಾಗುವುದು ಎಲ್ಲ ಟ್ರಸ್ಟುಗಳ ಅನುಭವ.

ಹಳೆಯ ಕಾಲದ ಒಕ್ಕಲುತನದಲ್ಲಿ ಇಂತಹ ಲೆಕ್ಕಕ್ಕೆ ಒಂದು ಕಣ್ಣಿಗೆ ಕಾಣುವ ರೂಪವಿತ್ತು. ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಹಾಕಿ ಬಿಡುತ್ತಿದ್ದರು. ಒಳ್ಳೆಯ ಸುಗ್ಗಿಯಲ್ಲಿ ಅದನ್ನು ತೆರೆಯಲು ಮನಸ್ಸಾಗುತ್ತಿರಲಿಲ್ಲವೆಂದಲ್ಲ. ಆದರೆ 1876–78ರ ಧಾತು ಬರವನ್ನು ಕೇಳಿದವರಿಗೂ 1972ರ ಬರವನ್ನು ಕಂಡವರಿಗೂ ತುಂಬಿದ ಹಗೇವಿನ ಬೆಲೆ ಪೇಟೆಯ ಭಾವದಿಂದ ತಿಳಿಯುವಂತಹುದಾಗಿರಲಿಲ್ಲ. ಊರಿನ ನಕ್ಷೆಯಲ್ಲಿ ಖಾಲಿ ಬಿಟ್ಟ ತಗ್ಗು, ಖಾಲಿ ಬಿಟ್ಟ ಗಾಯರಾಣ ಇವು ಹಗೇವಿನಂತೆಯೇ. ಇಂದು ಅವು ಉಪಯೋಗವಿಲ್ಲದ ಜಾಗಗಳೆಂದು ತೋರುತ್ತವೆ.

ಹೀಗೆ ಹೇಳುವಾಗ ಯೋಜನೆಯಲ್ಲಿಯೂ ಒಂದು ಪರಿಗ್ರಹ ಅಡಗಿರಬಹುದೆಂಬುದನ್ನು ಮರೆಯಬಾರದು. ಐವತ್ತು ವರ್ಷಗಳ ನಂತರ ಯಾವ ಓಣಿಯಲ್ಲಿ ಯಾವ ಅಂಗಡಿ ಇರಬೇಕೆಂದು ಇಂದೇ ಬರೆದಿಡುವವನು ಮುಂದಿನವರ ಪಾಲಿನ ವಿವೇಕವನ್ನೂ ತಾನೇ ಸಂಗ್ರಹಿಸಿಕೊಳ್ಳುತ್ತಿದ್ದಾನೆ. ಈ ದೃಷ್ಟಿಯಿಂದ ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಮಂಡಳಿಯ ತೀರ್ಪು ಗಮನಾರ್ಹ. 1976ರಲ್ಲಿ ಅಂತಿಮವಾದ ಆ ತೀರ್ಪು ಮೂರು ರಾಜ್ಯಗಳಿಗೆ ನೀರನ್ನು ಹಂಚಿತು. ಜೊತೆಗೆ 2000ದ ಮೇ 31ರ ನಂತರ ತನ್ನನ್ನು ಪುನಃ ಪರಿಶೀಲಿಸಬಹುದೆಂದು ತಾನೇ ಬರೆದುಕೊಂಡಿತು. ಹಂಚಿಕೆಯ ನ್ಯಾಯಾನ್ಯಾಯಗಳ ಬಗ್ಗೆ ರಾಜ್ಯಗಳು ಇಂದಿಗೂ ಜಗಳವಾಡುತ್ತಿವೆ. ಆದರೆ ತಾನು ಕಾಣಬಲ್ಲ ದೂರ ಇಷ್ಟೇ ಎಂದು ಒಂದು ದಿನಾಂಕ ಹಾಕಿ ಒಪ್ಪಿಕೊಂಡ ಆ ವಿನಯವು ಅನೇಕಾಂತವನ್ನು ಬಲ್ಲವರಿಗೆ ಹಿಡಿಸುವಂತಹುದು. ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯೂ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕೆನ್ನುತ್ತದೆ. ಮರಳದಿರುವುದನ್ನು ಗಟ್ಟಿಯಾಗಿ ಹಿಡಿದು, ಮಿಕ್ಕಿದ್ದನ್ನು ಪರಿಶೀಲನೆಯ ದಿನಾಂಕದೊಡನೆ ಮುಂದಿನವರಿಗೆ ಬಿಡುವುದಾದರೆ ಊರಿನ ಯೋಜನೆ ಹತ್ತು ಪುಟಗಳಲ್ಲಿ ಮುಗಿಯಬಹುದು.

ಆ ಹತ್ತು ಪುಟಗಳನ್ನು ಊರಿನವರ ಮುಂದೆ ಓದುವ ದಿನ ಯಾವುದು ಎಂಬುದೂ ಚಿಕ್ಕ ವಿಷಯವಲ್ಲ. ಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆಗಳನ್ನು ಕರೆಯುವುದು ಪದ್ಧತಿ. ಕಚೇರಿಯ ಗೋಡೆಗೆ ನೋಟಿಸು ಅಂಟುತ್ತದೆ, ಗಡುವು ಮುಗಿಯುತ್ತದೆ, ಆಕ್ಷೇಪಣೆ ಬಂದಿಲ್ಲವೆಂದು ಕಡತದಲ್ಲಿ ಬರೆಯಲಾಗುತ್ತದೆ. ಯಾದಗಿರಿ ಜಿಲ್ಲೆಯಲ್ಲಿ ಮುಂಗಾರಿನ ಸುಗ್ಗಿ ಮುಗಿದ ಮೇಲೆ ಸಾವಿರಾರು ಮಂದಿ ಗುಳೆ ಹೋಗುತ್ತಾರೆ. ಬೆಂಗಳೂರು, ಮುಂಬಯಿ, ಹೈದರಾಬಾದುಗಳಲ್ಲಿ ಇತರರ ಊರುಗಳನ್ನು ಕಟ್ಟುತ್ತಿರುತ್ತಾರೆ. ಹುಟ್ಟದವರ ಅಭಿಪ್ರಾಯವನ್ನು ಕೇಳಲು ಯಾವ ಉಪಾಯವೂ ಇಲ್ಲ. ಗುಳೆ ಹೋದವರ ಅಭಿಪ್ರಾಯವನ್ನು ಕೇಳಲು ಉಪಾಯವಿದೆ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಕರೆದ ಸಭೆಗೆ ಊರಿನಲ್ಲಿ ಉಳಿದವರು ವೃದ್ಧರೂ ಮಕ್ಕಳೂ ಪ್ಲಾಟು ಉಳ್ಳವರೂ ಮಾತ್ರ. ಬಿತ್ತನೆಗೆಂದು ಜನ ಮರಳುವ ಹೊತ್ತಿಗೆ, ಕಾರಹುಣ್ಣಿಮೆ ಕಳೆದ ವಾರದಲ್ಲಿ, ಎತ್ತುಗಳ ಕೊಂಬಿನ ಬಣ್ಣ ಇನ್ನೂ ಮಾಸದಿರುವಾಗ ಆ ಸಭೆಯನ್ನು ಕರೆಯಬಹುದು. ಅದಕ್ಕೆ ಬಸದಿಯ ಅಥವಾ ಧರ್ಮಶಾಲೆಯ ಅಂಗಳವನ್ನು ಬಿಟ್ಟುಕೊಡಲು ಟ್ರಸ್ಟುಗಳಿಗೆ ಯಾರ ಅನುಮತಿಯೂ ಬೇಕಾಗಿಲ್ಲ.